ಒರಟಾಗಿದೆ, ವಾಲಿದೆ, ಇಸವಿ ಇಲ್ಲ: ಈ ಬೆಳ್ಳಿ ಪೆನ್ನಿ ಅಸಲಿಯಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವಳು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಕಳೆದ ತಿಂಗಳು ಇಲ್ಲಿನ ನಾಣ್ಯ ಮೇಳದಲ್ಲಿ 35 ಪೌಂಡ್ ಕೊಟ್ಟು ಒಂದು ಸಣ್ಣ ಬೆಳ್ಳಿ ನಾಣ್ಯ ತಗೊಂಡೆ. ಮಾರಿದವರು ‘ಒಂದನೇ ಎಡ್ವರ್ಡ್ ರಾಜನ ಪೆನ್ನಿ, ಏಳುನೂರು ವರ್ಷ ಹಳೆಯದು’ ಅಂದರು. ತೂಕ 1.31 ಗ್ರಾಂ, ಅಗಲ 18 ಮಿಲಿಮೀಟರ್. ಒಂದು ಕಡೆ ಕಿರೀಟ ಹಾಕಿದ ಮುಖ. ಇನ್ನೊಂದು ಕಡೆ ದೊಡ್ಡ ಶಿಲುಬೆ, ಅದರ ನಾಲ್ಕು ಮೂಲೆಗಳಲ್ಲಿ ಮೂರು ಮೂರು ಚುಕ್ಕಿ. ಇಸವಿ ಎಲ್ಲೂ ಇಲ್ಲ. ಅಂಚು ದುಂಡಗಿಲ್ಲ, ಚಿತ್ರ ಒಂದು ಕಡೆ ವಾಲಿದೆ, ನಾಣ್ಯ ಸ್ವಲ್ಪ ಬಾಗಿದೆ ಕೂಡ. ಇಷ್ಟು ಒರಟಾಗಿರುವುದು ನಿಜವಾಗಿ ರಾಜನ ಟಂಕಸಾಲೆಯದ್ದಾ? ಇಷ್ಟು ಹಳೆಯದು ಇಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ? ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ ‘ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ತೊಳಿ’ ಅಂತಿದ್ದಾರೆ. ತೊಳೆಯಲಾ?

ಉತ್ತರ: ಅಮ್ಮನ ಮಾತಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಇಲ್ಲದಿದ್ದರೆ ಉಳಿದದ್ದನ್ನು ಓದುವಷ್ಟರಲ್ಲಿ ನೀವು ತೊಳೆದೇಬಿಟ್ಟಿರಬಹುದು. ತೊಳೆಯಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ದೇವರ ಮನೆಯ ದೀಪಕ್ಕೆ, ಪಂಚಪಾತ್ರೆಗೆ ಅಮ್ಮ ಹೇಳಿದ್ದು ಸರಿಯೇ. ಅವು ದಪ್ಪ ಬೆಳ್ಳಿ, ಹಬ್ಬಕ್ಕೊಂದು ಸಲ ಉಜ್ಜಿದರೂ ಏನೂ ಆಗುವುದಿಲ್ಲ. ನಿಮ್ಮ ನಾಣ್ಯದ ಮೇಲೆ ಅಕ್ಷರಗಳು ಎದ್ದಿರುವುದೇ ಕೂದಲೆಳೆಯಷ್ಟು. ಅದರ ಮೇಲಿನ ಕಪ್ಪು ಕೊಳೆಯಲ್ಲ. ಬೆಳ್ಳಿಗೆ ಗಂಧಕ ತಾಗಿ ಕೂತ ತೆಳುವಾದ ಪದರ ಅದು. ಹುಳಿ ಅದನ್ನು ಬಿಡಿಸುವಾಗ ಬೆಳ್ಳಿಯಲ್ಲಿ ಬೆರೆತ ತಾಮ್ರವನ್ನೂ ಕೆಣಕುತ್ತದೆ. ವಿಭೂತಿ ಹಾಕಿ ಉಜ್ಜಿದರೆ ಸಣ್ಣ ಸಣ್ಣ ಗೀರು ಬೀಳುತ್ತದೆ. ಹಾಗೆ ಫಳಫಳ ಹೊಳೆಯುವ ಪೆನ್ನಿಯನ್ನು ಸಂಗ್ರಾಹಕರು ಅರ್ಧ ಬೆಲೆಗೂ ಮುಟ್ಟುವುದಿಲ್ಲ. ಆ ಕಪ್ಪು ತಗ್ಗುಗಳಲ್ಲಿ ಕೂತಿರುವುದರಿಂದಲೇ ನಿಮಗೆ ಅಕ್ಷರ ಓದಲು ಬರುತ್ತಿದೆ, ಅದನ್ನೂ ಮರೆಯಬೇಡಿ.

ಈಗ ಅಸಲಿಯಾ ಅಂತ. ನೀವು ಕೊಟ್ಟ ವಿವರ, ಕಳಿಸಿದ ಎರಡು ಫೋಟೋ ನೋಡಿದರೆ ಅಸಲಿ ಅಂತಲೇ ನನ್ನ ಅಭಿಪ್ರಾಯ. ನಿಮಗೆ ಅನುಮಾನ ಹುಟ್ಟಿಸಿದ ಒರಟುತನವೇ ನನಗೆ ಜಾಸ್ತಿ ಧೈರ್ಯ ಕೊಟ್ಟಿತು.

ಮೊದಲು ತೂಕ ನೋಡೋಣ. ಇಂಥ ನಾಣ್ಯ ಕೈಗೆ ಬಂದರೆ ಮುಖ ನೋಡುವ ಮೊದಲು ತಕ್ಕಡಿಗೆ ಹಾಕಬೇಕು. ನೀವು ಹಾಗೇ ಮಾಡಿದ್ದೀರಿ, ಒಳ್ಳೆಯದಾಯಿತು. 1279ರಲ್ಲಿ ಒಂದನೇ ಎಡ್ವರ್ಡ್ ಇಂಗ್ಲೆಂಡಿನ ಹಳೆಯ ನಾಣ್ಯವನ್ನೆಲ್ಲ ವಾಪಸ್ ತರಿಸಿ, ಕರಗಿಸಿ, ಹೊಸದಾಗಿ ಟಂಕಿಸಲು ಆಜ್ಞೆ ಮಾಡಿದ. ಒಂದು ಟವರ್ ಪೌಂಡ್ ತೂಕದ ಬೆಳ್ಳಿಗೆ, ಅಂದರೆ ಸುಮಾರು 350 ಗ್ರಾಂಗೆ, 243 ಪೆನ್ನಿ ಎಂದು ಲೆಕ್ಕ ಹಾಕಲಾಯಿತು. ಒಂದೊಂದಕ್ಕೆ 1.44 ಗ್ರಾಂ ಬರುತ್ತದೆ. ಲೋಹ ಸ್ಟರ್ಲಿಂಗ್ ಬೆಳ್ಳಿ: ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ನಿಮ್ಮದು 1.31 ಗ್ರಾಂ. ಏಳುನೂರು ವರ್ಷದ ಸವಕಳಿಗೆ, ಅಂಚಿನಿಂದ ಯಾರೋ ಸ್ವಲ್ಪ ಕೆರೆದಿರುವುದಕ್ಕೆ ಇದು ಹೊಂದುತ್ತದೆ. ನಮ್ಮ 2019ರ ಮಾದರಿಯ ಒಂದು ರೂಪಾಯಿ ನಾಣ್ಯ 20 ಮಿಲಿಮೀಟರ್ ಅಗಲ, 3 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಅಗಲದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ, ತೂಕದಲ್ಲಿ ಪೆನ್ನಿ ಅರ್ಧಕ್ಕಿಂತ ಕಡಿಮೆ. ಅಷ್ಟು ತೆಳು.

ತೂಕದಿಂದ ಇನ್ನೊಂದು ಉಪಕಾರವಿದೆ. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಎಂಬ ರಾಜರು ಹಲವರು. ಆ ಕಾಲದ ನಾಣ್ಯದಲ್ಲಿ ‘ಒಂದನೇ’, ‘ಎರಡನೇ’ ಅಂತ ಬರೆಯುತ್ತಿರಲಿಲ್ಲ. ಆದರೆ ಪೆನ್ನಿಯ ತೂಕ ಕಾಲಕಾಲಕ್ಕೆ ಇಳಿಯುತ್ತಾ ಹೋಯಿತು. 1351ರಲ್ಲಿ ಮೂರನೇ ಎಡ್ವರ್ಡ್ ಅದನ್ನು ಸುಮಾರು 1.17 ಗ್ರಾಂಗೆ ಇಳಿಸಿದ. 1412ರಲ್ಲಿ 0.97 ಆಯಿತು. 1464ರಲ್ಲಿ ನಾಲ್ಕನೇ ಎಡ್ವರ್ಡ್ 0.78ಕ್ಕೆ ತಂದ. ಹಾಗಾಗಿ 1.31 ಗ್ರಾಂ ಇರುವ ‘ಎಡ್ವರ್ಡ್’ 1351ಕ್ಕಿಂತ ಮುಂಚಿನದು ಎಂದು ಮುಖ ನೋಡದೆಯೇ ಹೇಳಬಹುದು. ಇನ್ನು ಅಕ್ಷರ. ನಿಮ್ಮ ಫೋಟೋದಲ್ಲಿ ಕಿರೀಟದ ಮೇಲಿನ ಸಣ್ಣ ಶಿಲುಬೆಯಿಂದ ಬಲಕ್ಕೆ ಇ, ಡಿ, ಡಬ್ಲ್ಯೂ ಎಂಬ ಮೂರು ಅಕ್ಷರ, ಕೂಡಲೇ ಆರ್. ಇದು ‘ಎಡ್ವರ್ಡ್ ರೆಕ್ಸ್’ ಎಂಬುದರ ಚಿಕ್ಕ ರೂಪ, ರೆಕ್ಸ್ ಅಂದರೆ ಲ್ಯಾಟಿನ್‌ನಲ್ಲಿ ರಾಜ. ಮುಂದೆ ‘ಆಂಗ್ಲ್’, ಅಂದರೆ ಇಂಗ್ಲೆಂಡಿನ ರಾಜ. ಆಮೇಲೆ ‘ಡಿ ಎನ್ ಎಸ್ ಹಿಬ್’, ಅಂದರೆ ಐರ್ಲೆಂಡಿನ ಒಡೆಯ. ಹೆಸರು ಇಡಿಡಬ್ಲ್ಯೂಗೆ ನಿಂತರೆ ಹೆಚ್ಚಿನವು ಒಂದನೇ ಎಡ್ವರ್ಡ್‌ನವು. ಕೊನೆಗೆ ಒಂದು ‘ಎ’ ಸೇರಿದ್ದರೆ ಸುಮಾರು 1301ರ ನಂತರದವು, ಅಪ್ಪನ ಕೊನೆಯ ವರ್ಷಗಳೋ ಮಗ ಎರಡನೇ ಎಡ್ವರ್ಡ್‌ನದೋ ಆಗಿರುತ್ತವೆ. ನಿಮ್ಮದರಲ್ಲಿ ‘ಎ’ ಇಲ್ಲ. ಮಾರಿದವರು ಸುಳ್ಳು ಹೇಳಿಲ್ಲ.

ಇಸವಿ ಇಲ್ಲವಲ್ಲ ಅಂದಿರಿ. ಇರಬಾರದು. ಇಂಗ್ಲೆಂಡಿನ ಬೆಳ್ಳಿ ನಾಣ್ಯದ ಮೇಲೆ ಇಸವಿ ಬಂದದ್ದೇ 16ನೇ ಶತಮಾನದ ನಡುವೆ, ಆರನೇ ಎಡ್ವರ್ಡ್ ಕಾಲದಲ್ಲಿ. 13ನೇ ಶತಮಾನದ ಪೆನ್ನಿಯಲ್ಲಿ ಇಸವಿ ಕಂಡರೆ ಆಗ ಹೆದರಬೇಕು.

ಮುಖದ ಬಗ್ಗೆಯೂ ಒಂದು ಮಾತು. ಅದು ಎಡ್ವರ್ಡ್‌ನ ಮುಖವಲ್ಲ. 1279ರಲ್ಲಿ ಅವನಿಗೆ 40 ವರ್ಷ, ಬಹಳ ಎತ್ತರದ ಆಳು. ನಾಣ್ಯದ ಮೇಲಿರುವುದು ಗಡ್ಡವಿಲ್ಲದ ಒಬ್ಬ ಹುಡುಗನಂಥವನ ಮುಖ. ಮುಂದೆ ಅವನ ಮಗನ ನಾಣ್ಯಕ್ಕೂ ಅದೇ ಮುಖ, ಮೊಮ್ಮಗನ ನಾಣ್ಯಕ್ಕೂ ಅದೇ. ಇದಕ್ಕಿಂತ ವಿಚಿತ್ರ ಹಿಂದೆ ನಡೆದಿತ್ತು. ಎರಡನೇ ಹೆನ್ರಿ 1180ರಲ್ಲಿ ‘ಗಿಡ್ಡ ಶಿಲುಬೆ’ಯ ಪೆನ್ನಿ ಶುರು ಮಾಡಿದ, ‘ಹೆನ್ರಿಕಸ್ ರೆಕ್ಸ್’ ಎಂದು ಬರೆಸಿದ. ಅವನು ಸತ್ತ ಮೇಲೆ ಮಗ ರಿಚರ್ಡ್ ಬಂದ, ನಾಣ್ಯದಲ್ಲಿ ಹೆನ್ರಿಯೇ. ಆಮೇಲೆ ಇನ್ನೊಬ್ಬ ಮಗ ಜಾನ್ ಬಂದ, ಆಗಲೂ ಹೆನ್ರಿಯೇ. ಆಮೇಲೆ ಜಾನ್‌ನ ಮಗ ಮೂರನೇ ಹೆನ್ರಿ ಬಂದ, ಅವನಿಗೆ ಹೇಗೂ ಅದೇ ಹೆಸರು. ಹೀಗೆ 1247ರವರೆಗೆ 67 ವರ್ಷ ಒಂದೇ ಹೆಸರು ನಡೆಯಿತು. ಸಿಂಹಹೃದಯ ಎಂದು ಹೆಸರಾದ ರಿಚರ್ಡ್‌ನ ಹೆಸರಿರುವ ಒಂದು ಪೆನ್ನಿಯೂ ಇಂಗ್ಲೆಂಡಿನಲ್ಲಿ ಟಂಕವಾಗಲಿಲ್ಲ. ಜನಕ್ಕೆ ನಂಬಿಕೆ ಬಂದಿದ್ದ ನಾಣ್ಯದ ರೂಪ ಬದಲಿಸಿದರೆ ಇಂದಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ಉಣ್ಣೆ ವ್ಯಾಪಾರಿ ಅದನ್ನು ಮತ್ತೆ ಒರೆಗೆ ಹಚ್ಚಿ ನೋಡುತ್ತಾನೆ. ಹಾಗಾಗಿ ರಾಜ ಬದಲಾದರೂ ನಾಣ್ಯ ಬದಲಾಗದೆ ಇರುವುದೇ ಎಲ್ಲರಿಗೂ ಅನುಕೂಲವಾಗಿತ್ತು.

ಇನ್ನು ನಿಮ್ಮ ದೊಡ್ಡ ಅನುಮಾನ, ಆ ಒರಟುತನ. ಇದು ಸುತ್ತಿಗೆಯಲ್ಲಿ ಹೊಡೆದು ಮಾಡಿದ ನಾಣ್ಯ. ಬೆಳ್ಳಿ ಕರಗಿಸಿ, ಸರಳು ಮಾಡಿ, ತುಂಡು ಕತ್ತರಿಸಿ, ಬಡಿದು ತೆಳುವಾದ ಬಿಲ್ಲೆ ಮಾಡುತ್ತಿದ್ದರು. ಕಬ್ಬಿಣದ ಅಚ್ಚು ಎರಡು. ಕೆಳಗಿನ ಅಚ್ಚಿಗೆ ಚೂಪಾದ ಬಾಲ, ಅದನ್ನು ದಪ್ಪ ಮರದ ದಿಮ್ಮಿಗೆ ಬಡಿದು ಅಲುಗಾಡದಂತೆ ಕೂರಿಸುತ್ತಿದ್ದರು. ಅದರ ಮೇಲ್ಮೈಯಲ್ಲಿ ರಾಜನ ಮುಖ, ತಿರುಗಾಮುರುಗಾ. ಬಿಲ್ಲೆಯನ್ನು ಅದರ ಮೇಲಿಟ್ಟು, ಶಿಲುಬೆ ಇರುವ ಮೇಲಚ್ಚನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಸುತ್ತಿಗೆಯಿಂದ ಒಂದು ಪೆಟ್ಟು. ಬಿಲ್ಲೆ ಸ್ವಲ್ಪ ಸರಿದಿದ್ದರೆ ಚಿತ್ರ ಒಂದು ಕಡೆ ವಾಲುತ್ತದೆ. ಅಚ್ಚು ಸ್ವಲ್ಪ ಓರೆಯಾದರೆ ಒಂದು ಪಕ್ಕ ಚೆನ್ನಾಗಿ ಮೂಡಿ ಇನ್ನೊಂದು ಪಕ್ಕ ಚಪ್ಪಟೆಯಾಗುತ್ತದೆ. ಎರಡನೇ ಪೆಟ್ಟು ಹಾಕುವಾಗ ಕೈ ಅಲುಗಿದರೆ ಅಕ್ಷರ ಜೋಡಿಯಾಗಿ ಕಾಣುತ್ತದೆ. ಬಿಲ್ಲೆಯ ಅಂಚು ಕೆಲವೊಮ್ಮೆ ಸೀಳುತ್ತದೆ. ನಮ್ಮಲ್ಲೂ ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ಕಾಸು ಹೀಗೆ ಕೈಪೆಟ್ಟಿನಲ್ಲೇ ಆಗುತ್ತಿತ್ತು, ಅವನ್ನು ಕೈಯಲ್ಲಿ ಹಿಡಿದವರಿಗೆ ಈ ವಾಲಾಟ ಹೊಸದಲ್ಲ. ಇಂಗ್ಲೆಂಡಿನಲ್ಲಿ ಸುತ್ತಿಗೆ ಕೆಲಸ ನಿಂತು ಯಂತ್ರ ಪೂರ್ತಿಯಾಗಿ ಬಂದದ್ದು 1662ರಲ್ಲಿ. ಹಳೆಯ ಸುತ್ತಿಗೆ ನಾಣ್ಯಗಳನ್ನು ಚಲಾವಣೆಯಿಂದ ತೆಗೆದದ್ದು 1696ರ ದೊಡ್ಡ ಮರುಟಂಕದಲ್ಲಿ. ಐಸಾಕ್ ನ್ಯೂಟನ್ ಟಂಕಸಾಲೆಯ ಕೆಲಸಕ್ಕೆ ಸೇರಿದ್ದು ಅದೇ ವರ್ಷ.

ಪೆಟ್ಟೆಲ್ಲ ಮೇಲಚ್ಚಿನ ತಲೆಗೆ ಬೀಳುವುದರಿಂದ ಅದು ಬೇಗ ಹಾಳಾಗುತ್ತದೆ. ಅದಕ್ಕೇ ಒಂದು ಕೆಳಚ್ಚಿಗೆ ಎರಡು ಮೂರು ಮೇಲಚ್ಚು ಕೊಡುತ್ತಿದ್ದರು. ಎಡ್ವರ್ಡ್‌ನ ಮುಖ ಇರುವುದು ಕೆಳಚ್ಚಿನಲ್ಲಿ. ಅಂದರೆ ಜತನವಾಗಿ ಉಳಿಯುವ ಕಡೆಗೆ ಕಷ್ಟದ ಕೆಲಸ, ಬೇಗ ಮುಗಿಯುವ ಕಡೆಗೆ ಸುಲಭದ ಶಿಲುಬೆ. ಲೆಕ್ಕಾಚಾರದ ಜನ.

ಈಗ ಒಂದು ಭೂತಗನ್ನಡಿ ತಗೊಳ್ಳಿ. ಹತ್ತು ಪಟ್ಟು ದೊಡ್ಡದು ಮಾಡುವುದು ಸಾಕು. ಮುಖದ ಎರಡೂ ಪಕ್ಕದ ಕೂದಲು ನೋಡಿ: ಅದು ಕೆತ್ತಿದ್ದಲ್ಲ, ಅರ್ಧಚಂದ್ರದ ಆಕಾರದ ಗುರುತುಗಳು ಸಾಲಾಗಿವೆ. ಕಣ್ಣು ಎರಡು ಚುಕ್ಕಿ. ಕಿರೀಟದಲ್ಲಿ ಮೂರು ಹೂವು, ಒಂದೊಂದೂ ಒಂದೇ ಅಳತೆ. ಅಚ್ಚು ಮಾಡುವವರು ಸಣ್ಣ ಸಣ್ಣ ಉಕ್ಕಿನ ಒತ್ತುಮೊಳೆಗಳನ್ನು ಇಟ್ಟುಕೊಂಡಿದ್ದರು. ಚಂದ್ರನಿಗೊಂದು, ಚುಕ್ಕಿಗೊಂದು, ಹೂವಿಗೊಂದು, ಅಕ್ಷರದ ಕಾಲಿಗೊಂದು. ಅವನ್ನು ಒಂದರ ಪಕ್ಕ ಒಂದು ಬಡಿದು ರಾಜನನ್ನು ಜೋಡಿಸುತ್ತಿದ್ದರು. ಇದರಲ್ಲೊಂದು ಸ್ವಾರಸ್ಯವಿದೆ. ಒಂದು ಒತ್ತುಮೊಳೆಯ ಮೂಲೆ ಮುರಿದರೆ, ಅದರಿಂದ ಮಾಡಿದ ಎಲ್ಲ ಅಚ್ಚುಗಳಲ್ಲೂ ಅದೇ ಮುರುಕು ಬರುತ್ತದೆ. ಕಿರೀಟದ ಹೂವಿನ ಎಸಳು ಯಾವಾಗ ಮುರಿಯಿತು, ಎಸ್ ಅಕ್ಷರದ ಹೊಟ್ಟೆ ಯಾವಾಗ ದಪ್ಪವಾಯಿತು ಎಂದು ಹಿಡಿದುಕೊಂಡೇ ವಿದ್ವಾಂಸರು ಇಸವಿಯಿಲ್ಲದ ಈ ಪೆನ್ನಿಗಳನ್ನು ಸಾಲಾಗಿ ಜೋಡಿಸಿದ್ದಾರೆ. 20ನೇ ಶತಮಾನದ ಆರಂಭದಲ್ಲಿ ಫಾಕ್ಸ್ ಸಹೋದರರು ಮಾಡಿದ ವಿಂಗಡಣೆಯನ್ನೇ ಇವತ್ತಿಗೂ ತಿದ್ದಿ ಬಳಸುತ್ತಾರೆ: 1ರಿಂದ 10ನೇ ವರ್ಗದವರೆಗೆ ಬಹುತೇಕ ಒಂದನೇ ಎಡ್ವರ್ಡ್‌ನದು, 11ರಿಂದ 15 ಮಗ ಎರಡನೇ ಎಡ್ವರ್ಡ್‌ನದು.

ನಕಲಿ ಹೇಗಿರುತ್ತದೆ ಅಂತಲೂ ಗೊತ್ತಿರಲಿ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರದ ಅಂಚು ಮೊಂಡಾಗಿರುತ್ತದೆ, ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗದಲ್ಲಿ ಸೂಜಿಮೊನೆಯಷ್ಟು ತೂತುಗಳು ಇರುತ್ತವೆ, ಅಂಚಿನ ಸುತ್ತ ಒಂದು ಗೆರೆಯೋ ಅರದಿಂದ ಉಜ್ಜಿದ ಗುರುತೋ ಕಾಣುತ್ತದೆ. ಮ್ಯೂಸಿಯಂ ಅಂಗಡಿಗಳಲ್ಲಿ ಮಕ್ಕಳಿಗೆಂದು ಮಾರುವ ಪ್ರತಿಗಳು ತವರದಂಥ ಲೋಹದವು, ತೂಕ ಎಲ್ಲೋ ಇರುತ್ತದೆ. ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಬೇರೆ. ಒಂದೇ ಅಚ್ಚಿನಿಂದ ಸಾವಿರಾರು ನಾಣ್ಯ ಬರಬಹುದು. ಆದರೆ ಪ್ರತಿ ಬಿಲ್ಲೆಯ ಆಕಾರ ಬೇರೆ, ಪ್ರತಿ ಪೆಟ್ಟು ಬೇರೆ. ಅದೇ ವಾಲು, ಅದೇ ಸೀಳು, ಅದೇ ಜಾಗದಲ್ಲಿ ಅದೇ ಚಪ್ಪಟೆ ಇರುವ ಎರಡನೇ ನಾಣ್ಯ ಎಲ್ಲಾದರೂ ಕಂಡರೆ ಎರಡೂ ನಕಲಿ, ಅಥವಾ ಒಂದನ್ನು ನೋಡಿ ಇನ್ನೊಂದನ್ನು ಎರಕ ಹೊಯ್ದದ್ದು. ಕೊಳ್ಳುವ ಮೊದಲು ಅದೇ ಮಾರಾಟಗಾರರ ಹಳೆಯ ಪಟ್ಟಿಗಳಲ್ಲಿ ಇಂಥ ಅವಳಿ ಇದೆಯಾ ಅಂತ ಸುಮ್ನೆ ಹುಡುಕುವುದು ಒಳ್ಳೆ ಅಭ್ಯಾಸ. ಇನ್ನೊಂದು: ಮುಖ ನೇರವಾಗಿ ಹಿಡಿದು ನಾಣ್ಯ ತಿರುಗಿಸಿ. ಮೇಲಚ್ಚನ್ನು ಕೈಯಲ್ಲಿ ಹೇಗೆಂದರೆ ಹಾಗೆ ಹಿಡಿಯುತ್ತಿದ್ದುದರಿಂದ ಹಿಂದಿನ ಬರಹ ಯಾವ ದಿಕ್ಕಿಗೆ ಬೇಕಾದರೂ ಇರಬಹುದು. ನಿಮ್ಮದರಲ್ಲಿ ಓರೆಯಾಗಿದ್ದರೆ ಅದು ದೋಷವಲ್ಲ.

ಈಗ ಹಿಂಬದಿಗೆ ಬರೋಣ. ಈ ನಾಣ್ಯದ ಕಥೆಯೆಲ್ಲ ಇರುವುದು ಅಲ್ಲೇ. ಶಿಲುಬೆ ಬರಹವನ್ನು ನಾಲ್ಕು ತುಂಡು ಮಾಡಿದೆ: ಸಿವಿ, ತಾಸ್, ಕಾನ್, ತೋರ್. ಕೂಡಿಸಿದರೆ ‘ಸಿವಿತಾಸ್ ಕಾಂತೋರ್’, ಕ್ಯಾಂಟರ್ಬರಿ ನಗರ. ನಿಮ್ಮ ಪೆನ್ನಿ ಅಲ್ಲಿ ಟಂಕವಾಗಿದೆ. ಲಂಡನ್ ಆಗಿದ್ದರೆ ‘ಸಿವಿತಾಸ್ ಲಂಡನ್’, ಯಾರ್ಕ್ ಆಗಿದ್ದರೆ ‘ಸಿವಿತಾಸ್ ಎಬೊರಾಸಿ’, ಬ್ರಿಸ್ಟಲ್ ಆಗಿದ್ದರೆ ‘ವಿಲ್ಲಾ ಬ್ರಿಸ್ಟೋಲಿ’ ಎಂದಿರುತ್ತಿತ್ತು. ಡರ್ಹಮ್‌ನಲ್ಲಿ ಬಿಷಪ್‌ಗೆ ಟಂಕಿಸುವ ಹಕ್ಕಿತ್ತು. ಅಲ್ಲಿನ ಬಿಷಪ್ ಆಂಟನಿ ಬೆಕ್ ಕಿರೀಟದ ಮೇಲಿನ ಮಾಮೂಲಿ ಶಿಲುಬೆ ತೆಗೆಸಿ ತನ್ನ ಲಾಂಛನದ, ತುದಿ ಸೀಳಿದ ಶಿಲುಬೆ ಹಾಕಿಸಿದ. ಮುಂದೆ ಬಂದ ಬಿಷಪ್ ಕೆಲ್ಲೊ ಹಿಂಬದಿಯ ಶಿಲುಬೆಯ ಒಂದು ತೋಳನ್ನೇ ಧರ್ಮದಂಡದಂತೆ ಬಗ್ಗಿಸಿದ. ರಾಜನ ನಾಣ್ಯದಲ್ಲಿ ತಮ್ಮದೂ ಒಂದು ಗುರುತು ಇರಲಿ ಅಂತ.

ಊರಿನ ಹೆಸರು ಯಾಕೆ ಬೇಕು? ಹಿಡಿಯುವುದಕ್ಕೆ. ಎಡ್ವರ್ಡ್‌ಗಿಂತ ಮುಂಚೆ ಊರಿನ ಜೊತೆ ಟಂಕಿಸಿದವನ ಹೆಸರೂ ಇರುತ್ತಿತ್ತು: ‘ಲಂಡನ್ನಿನಲ್ಲಿ ನಿಕೋಲ್’ ಎಂಬ ಹಾಗೆ. ಬೆಳ್ಳಿಯಲ್ಲಿ ಮೋಸ ಸಿಕ್ಕರೆ ಯಾರ ಬಾಗಿಲು ತಟ್ಟಬೇಕು ಎಂದು ನಾಣ್ಯವೇ ಹೇಳುತ್ತಿತ್ತು. ಒಂದನೇ ಹೆನ್ರಿಯ ಕಾಲದಲ್ಲಿ, 1124ರ ಕೊನೆಗೆ, ಇಂಗ್ಲೆಂಡಿನ ಟಂಕಿಗರನ್ನೆಲ್ಲ ವಿಂಚೆಸ್ಟರ್‌ಗೆ ಕರೆಸಿ ಬಲಗೈ ಕತ್ತರಿಸಿ, ಬೀಜ ತೆಗೆಸಿದರು ಎಂದು ಆಗಿನ ವೃತ್ತಾಂತದಲ್ಲಿದೆ. 1279ರಲ್ಲಿ ಎಡ್ವರ್ಡ್ ಈ ಪದ್ಧತಿ ಬದಲಿಸಿದ. ಇಂದಿನ ಫ್ರಾನ್ಸಿನ ಮಾರ್ಸೇ ಊರಿನ ವಿಲಿಯಂ ಡಿ ತುರ್ನಮಿರ್ ಎಂಬವನನ್ನು ಇಡೀ ರಾಜ್ಯಕ್ಕೆ ಒಬ್ಬನೇ ಟಂಕದ ಮುಖ್ಯಸ್ಥನನ್ನಾಗಿ ಮಾಡಿದ. ಬಿಡಿ ಬಿಡಿ ಹೆಸರು ನಾಣ್ಯದಿಂದ ಹೋಯಿತು. ಬರಿ ಸೇಂಟ್ ಎಡ್ಮಂಡ್ಸ್ ಎಂಬ ಒಂದು ಊರಿನಲ್ಲಿ ಮಾತ್ರ ರಾಬರ್ಟ್ ಡಿ ಹ್ಯಾಡ್ಲಿ ಎಂಬವನ ಹೆಸರು ಸ್ವಲ್ಪ ಕಾಲ ಉಳಿಯಿತು. ಅದು ಸಿಕ್ಕರೆ 35 ಪೌಂಡಿಗೆ ಬರುವುದಿಲ್ಲ! ಟಂಕಸಾಲೆಯ ನಾಣ್ಯದಿಂದ ಮಾದರಿ ತೆಗೆದಿಟ್ಟು ತೂಕ, ಗುಣ ಪರೀಕ್ಷಿಸುವ ಏರ್ಪಾಡು ಎಡ್ವರ್ಡ್‌ನ 1282ರ ಆಜ್ಞೆಯಲ್ಲಿ ಗಟ್ಟಿಯಾಯಿತು. ‘ಪಿಕ್ಸ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಅದು ಇವತ್ತಿಗೂ ಪ್ರತಿ ವರ್ಷ ನಡೆಯುತ್ತದೆ.

ಶಿಲುಬೆ ಅಂಚಿನವರೆಗೆ ಯಾಕೆ ಹೋಗಿದೆ ಎಂಬುದಕ್ಕೂ ಇದೇ ಜಾತಿಯ ಉತ್ತರ. ಗಿಡ್ಡ ಶಿಲುಬೆಯ ಕಾಲದಲ್ಲಿ ಅದರ ತೋಳು ಬರಹದ ಒಳಗೇ ಮುಗಿಯುತ್ತಿತ್ತು. ಕತ್ತರಿ ಹಿಡಿದವನು ಅಂಚಿನಿಂದ ಒಂದು ಸುತ್ತು ಕೆರೆದು ಬೆಳ್ಳಿ ಚೂರು ಜೇಬಿಗಿಳಿಸಿ, ನಾಣ್ಯವನ್ನು ಅದೇ ಬೆಲೆಗೆ ದಾಟಿಸುತ್ತಿದ್ದ. ಹತ್ತಿಪ್ಪತ್ತು ನಾಣ್ಯ ಕೆರೆದರೆ ಒಂದೆರಡು ಪೆನ್ನಿಯ ಬೆಳ್ಳಿ. ಕೂಲಿಯವನಿಗೆ ದಿನಕ್ಕೆ ಒಂದೂವರೆ, ಎರಡು ಪೆನ್ನಿ ಸಿಗುತ್ತಿದ್ದ ಕಾಲ ಅದು. 1247ರಲ್ಲಿ ಮೂರನೇ ಹೆನ್ರಿ ಶಿಲುಬೆಯ ತೋಳುಗಳನ್ನು ಅಂಚಿಗೆ ಮುಟ್ಟಿಸಿದ. ನಾಲ್ಕು ತುದಿಯೂ ಕಾಣದಿದ್ದರೆ ಆ ನಾಣ್ಯ ತಗೊಳ್ಳಬೇಡಿ ಎಂದು ಅರ್ಥ. ಓದಲು ಬಾರದವರಿಗೂ ತಿಳಿಯುವ ಪರೀಕ್ಷೆ. ನಿಮ್ಮ ಪೆನ್ನಿಯಲ್ಲಿ ಮೂರು ತುದಿ ಪೂರ್ತಿ ಇವೆ. ‘ತಾಸ್’ ಇರುವ ಪಕ್ಕದ ತುದಿ ಮೊಟಕಾಗಿದೆ, ಅಕ್ಷರಗಳ ತಲೆಯೂ ಹೋಗಿದೆ. ಅಂಚು ದುಂಡಗಿಲ್ಲ ಅಂದಿರಲ್ಲ, ಕತ್ತರಿಯ ಕೆಲಸ ಆ ಒಂದು ಜಾಗದಲ್ಲಿ. ಉಳಿದ ಸೊಟ್ಟ ಬಿಲ್ಲೆಯದೇ.

ಈ ಕತ್ತರಿ ಕೆಲಸದ ಹಿಂದೆ ಒಂದು ಕೆಟ್ಟ ಅಧ್ಯಾಯವೂ ಇದೆ. ಉದ್ದ ಶಿಲುಬೆ ಬಂದರೂ ಕೆರೆಯುವುದು ನಿಲ್ಲಲಿಲ್ಲ. 1278ರ ನವೆಂಬರ್‌ನಲ್ಲಿ ಎಡ್ವರ್ಡ್ ನಾಣ್ಯ ಕೆರೆದ ಆರೋಪ ಹೊರಿಸಿ ಇಡೀ ಇಂಗ್ಲೆಂಡಿನ ಯಹೂದಿಗಳ ಮನೆಗಳ ಮೇಲೆ ದಾಳಿ ಮಾಡಿಸಿ 600ಕ್ಕೂ ಹೆಚ್ಚು ಜನರನ್ನು ಬಂಧಿಸಿದ. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿದರು. ಕ್ರಿಶ್ಚಿಯನ್ ಅಕ್ಕಸಾಲಿಗರ ಮೇಲೂ ಇದೇ ಆರೋಪವಿತ್ತು. ಆದರೆ ಅವರಲ್ಲಿ ಹೆಚ್ಚಿನವರು ದಂಡ ಕಟ್ಟಿ ಪಾರಾದರು. ಸತ್ತವರ ಆಸ್ತಿ ರಾಜನ ಬೊಕ್ಕಸಕ್ಕೆ ಹೋಯಿತು. ಮರುವರ್ಷವೇ ಹೊಸ ಪೆನ್ನಿ ಬಂತು. 1290ರಲ್ಲಿ ಯಹೂದಿಗಳನ್ನು ದೇಶದಿಂದಲೇ ಓಡಿಸಿದರು. ಅಚ್ಚುಕಟ್ಟಾದ ಆಡಳಿತಗಾರ ಎಂದು ಎಡ್ವರ್ಡ್‌ನನ್ನು ನಾಣ್ಯಪ್ರಿಯರು ಹೊಗಳುವಾಗ ನಾನು ಇದನ್ನು ಸೇರಿಸದೆ ಬಿಡುವುದಿಲ್ಲ.

ಚಿಲ್ಲರೆಯ ವಿಷಯ ಕೇಳಿಲ್ಲ ನೀವು, ಆದರೂ ಹೇಳುತ್ತೇನೆ. ಮುಂದಿನ ಮೇಳದಲ್ಲಿ ಉಪಯೋಗಕ್ಕೆ ಬರುತ್ತದೆ. 1279ರವರೆಗೆ ಪೆನ್ನಿಗಿಂತ ಚಿಕ್ಕ ದುಂಡು ನಾಣ್ಯ ಚಲಾವಣೆಯಲ್ಲಿ ಇರಲಿಲ್ಲ ಎನ್ನಬಹುದು. ಸರ್ಕಾರದ ದರಪಟ್ಟಿಯ ಪ್ರಕಾರ ಬಾರ್ಲಿ ಅಗ್ಗವಿದ್ದ ವರ್ಷ ಪಟ್ಟಣದಲ್ಲಿ ಒಂದು ಪೆನ್ನಿಗೆ ಎರಡು ಗ್ಯಾಲನ್ ಬಿಯರ್, ಅಂದರೆ ಒಂಬತ್ತು ಲೀಟರಿನಷ್ಟು. ಒಬ್ಬನಿಗೆ ಒಂದು ಲೋಟ ಸಾಕಾದರೆ? ಪೆನ್ನಿಯನ್ನೇ ಶಿಲುಬೆಯ ಗೆರೆ ಹಿಡಿದು ಎರಡು ತುಂಡು, ನಾಲ್ಕು ತುಂಡು ಮಾಡುತ್ತಿದ್ದರು. ಈ ಅರ್ಧ, ಕಾಲು ಚೂರುಗಳು ಇಂಗ್ಲೆಂಡಿನ ಹೊಲಗಳಲ್ಲಿ ತುಂಬಾ ಸಿಗುತ್ತವೆ, ಬೆಲೆಯೂ ಕಡಿಮೆ. ಎಡ್ವರ್ಡ್ ದುಂಡನೆಯ ಫಾರ್ದಿಂಗ್ (ಕಾಲು ಪೆನ್ನಿ) ಮತ್ತು ಅರ್ಧ ಪೆನ್ನಿ ತಂದ. ನಾಲ್ಕು ಪೆನ್ನಿಯ ಗ್ರೋಟ್ ಎಂಬ ದೊಡ್ಡ ನಾಣ್ಯವನ್ನೂ ತಂದ, ಆಗ ಅದು ಓಡಲಿಲ್ಲ. 1351ರಲ್ಲಿ ಮೊಮ್ಮಗ ಮೂರನೇ ಎಡ್ವರ್ಡ್ ಮತ್ತೆ ತಂದಾಗ ನಿಂತಿತು. ಅಂದಹಾಗೆ 12 ಪೆನ್ನಿಗೆ ಒಂದು ಶಿಲ್ಲಿಂಗ್, 240ಕ್ಕೆ ಒಂದು ಪೌಂಡ್ ಎಂಬುದೆಲ್ಲ ಆಗ ಲೆಕ್ಕದ ಪುಸ್ತಕದಲ್ಲಷ್ಟೇ. ಕೈಯಲ್ಲಿ ಹಿಡಿಯುವ ಶಿಲ್ಲಿಂಗ್ ಇರಲೇ ಇಲ್ಲ. ನೂರು ಪೌಂಡಿನ ಸಾಲ ತೀರಿಸುವವನು 24,000 ಪೆನ್ನಿ ಪೀಪಾಯಿಗೆ ತುಂಬಿ ಗಾಡಿಯಲ್ಲಿ ಸಾಗಿಸಬೇಕಿತ್ತು.

ಹುಷಾರಾಗಿರಬೇಕಾದ ಇನ್ನೊಂದು ಜಾತಿ ಇದೆ, ಅದು ಆ ಕಾಲದ್ದೇ ನಕಲು. ಉಣ್ಣೆ ಕೊಂಡು ಬೆಳ್ಳಿ ಕೊಡುತ್ತಿದ್ದ ಫ್ಲಾಂಡರ್ಸ್, ಬ್ರಬಾಂಟ್ ಕಡೆಯ ದೊರೆಗಳು ಎಡ್ವರ್ಡ್ ಪೆನ್ನಿಯ ಹಾಗೇ ಕಾಣುವ, ಬೆಳ್ಳಿ ಕಡಿಮೆ ಇರುವ ನಾಣ್ಯ ಹೊಡೆಸಿದರು. ಹಿಂಬದಿ ಅದೇ ಶಿಲುಬೆ, ಅದೇ ಹನ್ನೆರಡು ಚುಕ್ಕಿ. ಮುಂದೆ ಮಾತ್ರ ತಲೆ ಬೋಳು, ಇಲ್ಲವೇ ಗುಲಾಬಿ ಹಾರ. ಬೋಳು ತಲೆಯದಕ್ಕೆ ಪೊಲ್ಲಾರ್ಡ್, ಹಾರದ್ದಕ್ಕೆ ಕ್ರೊಕ್ಕಾರ್ಡ್ ಎಂದು ಇಂಗ್ಲಿಷರು ಹೆಸರಿಟ್ಟರು. ಇವು ಎಷ್ಟು ನುಗ್ಗಿದವೆಂದರೆ 1299ರ ಕ್ರಿಸ್‌ಮಸ್‌ಗೆ ಎಡ್ವರ್ಡ್ ಅವುಗಳ ಬೆಲೆ ಅರ್ಧಕ್ಕಿಳಿಸಿದ, 1300ರ ಈಸ್ಟರ್‌ಗೆ ಪೂರ್ತಿ ರದ್ದು ಮಾಡಿದ. ಇವತ್ತು ತಮಾಷೆಯೆಂದರೆ ಆ ‘ಕಳ್ಳ’ ನಾಣ್ಯಗಳಲ್ಲಿ ಕೆಲವಕ್ಕೆ ಅಸಲಿಗಿಂತ ಜಾಸ್ತಿ ಬೆಲೆ. ನಿಮ್ಮದಕ್ಕೆ ಕಿರೀಟವಿದೆ, ಹೆಸರೂ ಸರಿಯಿದೆ. ಮುಖದ ಸುತ್ತ ತ್ರಿಕೋನ ಇದ್ದಿದ್ದರೆ ಐರ್ಲೆಂಡಿನದು, ಮುಖ ಪಕ್ಕಕ್ಕೆ ತಿರುಗಿ ಮುಂದೆ ರಾಜದಂಡ ಇದ್ದಿದ್ದರೆ ಸ್ಕಾಟ್ಲೆಂಡಿನ ಮೂರನೇ ಅಲೆಕ್ಸಾಂಡರ್‌ನದು ಆಗುತ್ತಿತ್ತು.

ಇಷ್ಟೆಲ್ಲ ಇದ್ದೂ 35 ಪೌಂಡ್ ಹೇಗೆ? ಯಾಕೆಂದರೆ ರಾಶಿ ರಾಶಿ ಉಳಿದಿವೆ. ಬ್ಯಾಂಕ್ ಇಲ್ಲದ ಕಾಲ, ದುಡ್ಡನ್ನು ನೆಲದಲ್ಲಿ ಹೂಳುತ್ತಿದ್ದರು. ಹೂತವನು ಸತ್ತರೆ ಅಲ್ಲೇ ಉಳಿಯುತ್ತಿತ್ತು. ಕೋಲ್ಚೆಸ್ಟರ್‌ನ ಒಂದೇ ಬೀದಿಯಲ್ಲಿ 1902ರಲ್ಲಿ ಸುಮಾರು 11,000, 1969ರಲ್ಲಿ ಸುಮಾರು 14,000 ಪೆನ್ನಿ ಸೀಸದ ಪಾತ್ರೆಗಳಲ್ಲಿ ಸಿಕ್ಕವು. ಎಡ್ವರ್ಡ್ ಪೆನ್ನಿಗಳ ದೊಡ್ಡ ನಿಧಿ ಟಟ್‌ಬರಿಯದು. 1831ರಲ್ಲಿ ಡವ್ ನದಿಯ ತಳದಿಂದ ಜಲ್ಲಿ ತೆಗೆಯುತ್ತಿದ್ದವರಿಗೆ ಕೆಲವು ನಾಣ್ಯ ಸಿಕ್ಕವು. ಸುದ್ದಿ ಹಬ್ಬಿ ಊರಿಗೆ ಊರೇ ನೀರಿಗಿಳಿಯಿತು. ಅಧಿಕಾರಿಗಳು ಬಂದು ತಡೆಯುವಷ್ಟರಲ್ಲಿ ಎಷ್ಟೋ ಜೇಬು ಸೇರಿದ್ದವು. ಒಟ್ಟು ಲಕ್ಷ ದಾಟಿತ್ತು ಎಂಬ ಅಂದಾಜಿದೆ. ಎರಡನೇ ಎಡ್ವರ್ಡ್ ವಿರುದ್ಧ ದಂಗೆಯೆದ್ದ ಲ್ಯಾಂಕಾಸ್ಟರ್‌ನ ಅರ್ಲ್ ಥಾಮಸ್ 1322ರ ಮಾರ್ಚ್‌ನಲ್ಲಿ ಟಟ್‌ಬರಿ ಕೋಟೆ ಬಿಟ್ಟು ಓಡುವಾಗ ಅವನ ಹಣದ ಪೆಟ್ಟಿಗೆ ಉಕ್ಕುವ ನದಿಯಲ್ಲಿ ಹೋಯಿತು ಎಂದು ನಂಬುತ್ತಾರೆ. ಆ ತಿಂಗಳೇ ಅವನ ತಲೆಯೂ ಹೋಯಿತು. ಹೀಗಾಗಿ ಲಂಡನ್, ಕ್ಯಾಂಟರ್ಬರಿಯ ಪೆನ್ನಿ ಅಪರೂಪವಲ್ಲ, ನೀವು ಕೊಟ್ಟ ಬೆಲೆ ನ್ಯಾಯವಾಗಿಯೇ ಇದೆ. ರೀಡಿಂಗ್, ಎಕ್ಸೆಟರ್, ಹಲ್ ಊರಿನದಾಗಿದ್ದರೆ ಜಾಸ್ತಿ ಕೇಳುತ್ತಿದ್ದರು.

ಮಾರಿದವರಿಗೆ ಒಂದು ಇಮೇಲ್ ಹಾಕಿ, ಇದು ಹಳೆಯ ಸಂಗ್ರಹದಿಂದ ಬಂದದ್ದಾ, ಹೊಲದಲ್ಲಿ ಸಿಕ್ಕಿದ್ದಾ ಕೇಳಿ. ಲೋಹಶೋಧಕ ಹಿಡಿದು ಹುಡುಕುವವರ ಸಿಕ್ಕಿದ್ದನ್ನು ದಾಖಲಿಸಲು ಇಂಗ್ಲೆಂಡ್, ವೇಲ್ಸ್‌ನಲ್ಲಿ ‘ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್’ ಎಂಬ ವ್ಯವಸ್ಥೆ 1997ರಿಂದ ಇದೆ. ಅದರ ದಾಖಲೆ ಸಂಖ್ಯೆ ಇದ್ದರೆ ಯಾವ ಊರಿನ ನೆಲದಿಂದ ಬಂತೆಂದು ಗೊತ್ತಾಗುತ್ತದೆ. ಒಂಟಿ ನಾಣ್ಯ ಸಾಮಾನ್ಯವಾಗಿ ಕಾನೂನಿನಲ್ಲಿ ‘ನಿಧಿ’ ಆಗುವುದಿಲ್ಲ. 300 ವರ್ಷಕ್ಕಿಂತ ಹಳೆಯ ಎರಡು ಬೆಳ್ಳಿ ನಾಣ್ಯ ಒಟ್ಟಿಗೆ ಸಿಕ್ಕರೂ 1996ರ ಕಾಯ್ದೆ ಪ್ರಕಾರ ಅಧಿಕಾರಿಗೆ ತಿಳಿಸಲೇಬೇಕು. ನೀವು ಊರಿಗೆ ತರುವ ಯೋಚನೆ ಇದ್ದರೆ ರಫ್ತು ಅನುಮತಿಯ ಬಗ್ಗೆಯೂ ಅದೇ ಇಮೇಲ್‌ನಲ್ಲಿ ಕೇಳಿಬಿಡಿ.

ಬಾಗಿರುವುದರ ಬಗ್ಗೆ. ದಯವಿಟ್ಟು ಬೆರಳಲ್ಲಿ ಒತ್ತಿ ನೇರ ಮಾಡಲು ಹೋಗಬೇಡಿ. ನೆಲದಲ್ಲಿ ಶತಮಾನ ಕಳೆದ ತೆಳು ಬೆಳ್ಳಿ ಒಳಗೊಳಗೇ ಪೆಡಸಾಗಿರುತ್ತದೆ, ಪಟ್ಟನೆ ಮುರಿಯುತ್ತದೆ. ನಿಮ್ಮದರ ಬಾಗು ಕಡಿಮೆ, ಒಂದೇ ಪಕ್ಕದಲ್ಲಿದೆ. ನೇಗಿಲೋ ಟ್ರ್ಯಾಕ್ಟರೋ ಮಾಡಿದ್ದಿರಬೇಕು. ಆದರೆ ನಡುವಿಗೆ ಸರಿಯಾಗಿ ಮಡಚಿದ ಪೆನ್ನಿಗಳೂ ಸಿಗುತ್ತವೆ, ಅವು ಬೇರೆ ಕಥೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ರೋಗಿಯ ಮೇಲೆ ಪೆನ್ನಿಯೊಂದನ್ನು ಹಿಡಿದು, ಸಂತನ ಹೆಸರು ಹೇಳಿ, ಬಗ್ಗಿಸುತ್ತಿದ್ದರು. ಬಗ್ಗಿದ ನಾಣ್ಯ ಇನ್ನು ಖರ್ಚಿಗಲ್ಲ, ಸಂತನಿಗೆ. ವಾಸಿಯಾದ ಮೇಲೆ ಅವನ ಸಮಾಧಿಗೆ ಹೋಗಿ ಒಪ್ಪಿಸಬೇಕು. ನಮ್ಮಲ್ಲಿ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ತಿಮ್ಮಪ್ಪನಿಗೋ ಮಂಜುನಾಥನಿಗೋ ಮುಡಿಪು ಎತ್ತಿಡುತ್ತಾರಲ್ಲ, ಹಾಗೇ. ಹೆರೆಫರ್ಡ್‌ನ ಬಿಷಪ್ ಥಾಮಸ್ ಕ್ಯಾಂಟಿಲೂಪ್‌ಗೆ ಸಂತ ಪದವಿ ಕೊಡುವ ಮೊದಲು 1307ರಲ್ಲಿ ನಡೆದ ವಿಚಾರಣೆಯಲ್ಲಿ ಹೀಗೆ ಪೆನ್ನಿ ಬಗ್ಗಿಸಿ ಹರಕೆ ಹೊತ್ತವರ ಹೇಳಿಕೆಗಳು ದಾಖಲಾಗಿವೆ. ಅವರು ಬಗ್ಗಿಸಿದ್ದು ನಿಮ್ಮ ಕೈಯಲ್ಲಿರುವಂಥ ಎಡ್ವರ್ಡ್ ಪೆನ್ನಿಗಳನ್ನೇ.

ಇಡುವುದು ಸುಲಭ. ಮಣ್ಣು ಅಂಟಿದ್ದರೆ ಮಾತ್ರ ಭಟ್ಟಿ ಇಳಿಸಿದ ನೀರಿನಲ್ಲಿ (ಡಿಸ್ಟಿಲ್ಡ್ ವಾಟರ್) ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಉಜ್ಜಬೇಡಿ. ಆಮ್ಲರಹಿತ ಕಾಗದದ ಸಣ್ಣ ಲಕೋಟೆ ಸಾಕು. ಅಗ್ಗದ ಮೆದು ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ವರ್ಷ ಕಳೆದಂತೆ ಹಸಿರು ಜಿಗಟು ಬಿಡುತ್ತದೆ. ರಬ್ಬರ್ ಬ್ಯಾಂಡ್ ಹತ್ತಿರವೂ ಇಡಬೇಡಿ, ಅದರ ಗಂಧಕ ಬೆಳ್ಳಿಯನ್ನು ಇನ್ನೂ ಕಪ್ಪು ಮಾಡುತ್ತದೆ. ಲಕೋಟೆಯ ಮೇಲೆ ತೂಕ, ಅಗಲ, ಊರು, ಎಲ್ಲಿ ಯಾವಾಗ ಕೊಂಡಿರಿ ಎಂದು ಪೆನ್ಸಿಲ್‌ನಲ್ಲಿ ಬರೆದಿಡಿ. ಎತ್ತುವಾಗ ಅಂಚು ಹಿಡಿದು ಎತ್ತಿ.

ಒಂದು ಕೆಲಸ ನಿಮ್ಮಿಂದ ಆಗಬೇಕು. ನೀವು ಕಳಿಸಿದ ಫೋಟೋದಲ್ಲಿ ರಾಜನ ಎದೆಯ ಭಾಗ ಮಸುಕಾಗಿದೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ, ಫ್ಲ್ಯಾಶ್ ಇಲ್ಲದೆ ಇನ್ನೊಂದು ತೆಗೆದು ಕಳಿಸಿ. ಎದೆಯ ಮೇಲೆ ಸಣ್ಣ ಗುಲಾಬಿ ಇದ್ದರೆ 7ನೇ ವರ್ಗ, ನಕ್ಷತ್ರ ಇದ್ದರೆ ಹೆಚ್ಚಾಗಿ 9ನೇ ವರ್ಗ, ಅಂದರೆ ಪೊಲ್ಲಾರ್ಡ್‌ಗಳನ್ನು ಕರಗಿಸಿ ಮರುಟಂಕ ಮಾಡಿದ 1299, 1300ರ ಆಸುಪಾಸಿನದು. ಎರಡೂ ಇಲ್ಲದಿದ್ದರೆ ಕಿರೀಟ ಮತ್ತು ಎಸ್, ಎನ್ ಅಕ್ಷರಗಳ ಹತ್ತಿರದ ಫೋಟೋ ಬೇಕಾಗುತ್ತದೆ.